ರೊಟ್ಟಿ ಬೇಯಿಸೋಕೆ ನಾನ್‌ಸ್ಟಿಕ್ ತವಾ ಬೇಕಾ?

ಪಾತ್ರೆ ಅಂಗಡಿಗೆ ಹೋದರೆ ಈಗ ತಲೆ ತಿರುಗುತ್ತೆ. ನಾನ್‌ಸ್ಟಿಕ್, ಗ್ರಾನೈಟ್, ಸೆರಾಮಿಕ್... ಹೆಸರು ಹಲವು. ಆದರೆ ಮೇಲಿನ ಪದರ ಲೆಕ್ಕಕ್ಕೆ ತಗೊಂಡರೆ ಮುಖ್ಯವಾಗಿ ಎರಡೇ ಜಾತಿ.

ಮೊದಲನೆಯದು ಪಿಟಿಎಫ್‌ಇ, ಅಂದರೆ ಟೆಫ್ಲಾನ್ ಜಾತಿ. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಫ್ರಿಜ್‌ಗೆ ಬೇಕಾದ ಅನಿಲ ಹುಡುಕುವಾಗ ಆಕಸ್ಮಿಕವಾಗಿ ಸಿಕ್ಕ ವಸ್ತು ಇದು. ‘ಗ್ರಾನೈಟ್’ ಅಂತ ಮಾರುವ ಬಹಳಷ್ಟು ಪಾತ್ರೆಗಳಲ್ಲೂ ಇರೋದು ಇದೇ. ಚುಕ್ಕಿ ಬರೀ ಅಂದಕ್ಕೆ. ಸಾಧಾರಣ ಉರಿಯಲ್ಲಿ ತೊಂದರೆ ಇಲ್ಲ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪದರ ಕೆಡಲು ಶುರು. ಇನ್ನೂ ಕಾದರೆ ಬರುವ ಹೊಗೆಯಿಂದ ನಮಗೆ ಜ್ವರದಂಥ ಲಕ್ಷಣ, ಮನೆಯಲ್ಲಿ ಸಾಕಿದ ಹಕ್ಕಿಗಳಿಗೆ ಜೀವಕ್ಕೇ ಅಪಾಯ.

ಡಬ್ಬಿ ಮೇಲಿನ ‘ಪಿಎಫ್‌ಒಎ ಫ್ರೀ’ ಅನ್ನೋದನ್ನ ಸರಿಯಾಗಿ ಓದಿಕೊಳ್ಳಿ. ಹಿಂದೆ ಈ ಪದರ ತಯಾರಿಸಲು ಬಳಸುತ್ತಿದ್ದ ಪಿಎಫ್‌ಒಎ ಕ್ಯಾನ್ಸರ್‌ಕಾರಕ ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಅದು ಇಲ್ಲ ಅಂದಮಾತ್ರಕ್ಕೆ ಟೆಫ್ಲಾನ್ ಇಲ್ಲ ಅಂತಲ್ಲ.

ಎರಡನೆಯದು ಸೆರಾಮಿಕ್. ಹೆಸರು ಕೇಳಿ ಕುಂಬಾರರ ಮಣ್ಣು ಅಂದ್ಕೋಬೇಡಿ. ಸಾಮಾನ್ಯವಾಗಿ ಅಲ್ಯೂಮಿನಿಯಂ ಮೇಲೆ ಸಿಲಿಕಾ ಆಧಾರದ ತೆಳು ಪದರ ಅಷ್ಟೇ. ಟೆಫ್ಲಾನ್ ಇರಲ್ಲ, ಒಳ್ಳೇದು. ಆದರೆ ಅದರ ನುಣುಪು ಟೆಫ್ಲಾನಿಗಿಂತ ಬೇಗ ಹೋಗುತ್ತೆ.

ತಿಕೋಟಾದ ಗೆಳತಿ ಹೊಸ ಮನೆ ಹೂಡುವಾಗ ಕೇಳಿದಳು, “ಅಕ್ಕಾ, ಯಾವುದು ತಗೊಳ್ಳಿ?” “ಅದರ ಮ್ಯಾಲ ಏನ ಮಾಡ್ತಿ?” ಅಂದೆ. “ದಿನಾ ಜೋಳದ ರೊಟ್ಟಿ, ಮತ್ತೇನ!”

ಉತ್ತರ ಅಲ್ಲೇ ಇದೆ. ರೊಟ್ಟಿಗೆ ಎಣ್ಣೆ ಬೇಡ. ಬೇಕಾದ್ದು ಒಣ ಹಂಚು, ಜೋರು ಉರಿ. ಖಾಲಿ ಪಾತ್ರೆ, ಜೋರು ಉರಿ ಇವೆರಡೇ ನಾನ್‌ಸ್ಟಿಕ್‌ನ ವೈರಿಗಳು. ಎಣ್ಣೆ ಉಳಿಸೋ ಲಾಭವೂ ಇಲ್ಲಿ ಸಿಗಲ್ಲ. ದೋಸೆ, ತತ್ತಿಗೆ ಇರಲಿ. ರೊಟ್ಟಿಗೆ ಕಬ್ಬಿಣದ ಹಂಚೇ ಸರಿ ಅಂತ ಆಕೆಗೆ ಹೇಳಿದೆ.

ಬಬಲೇಶ್ವರದ ನಮ್ಮ ಅತ್ತಿ ಹೇಳೋದು, “ಹಂಚು ಮನಷ್ಯಾರಂಗ, ಪಳಗಬೇಕವ್ವಾ.” ತೊಳೆದು ಒಣಗಿಸಿದ ಹಂಚಿಗೆ ಅಗಸಿ ಇಲ್ಲಾ ಕುಸುಬಿ ಎಣ್ಣೆ ತೆಳ್ಳಗೆ ಸವರಿ ಚೆನ್ನಾಗಿ ಕಾಯಿಸಬೇಕು. ಹೀಗೆ ನಾಲ್ಕೈದು ಸಲ. ಕಾದ ಎಣ್ಣೆ ಗಟ್ಟಿ ಕಪ್ಪು ಪದರವಾಗಿ ಕೂರುತ್ತೆ. ಅದೂ ಒಂದು ಕೋಟಿಂಗೇ! ಹುಣಸೆಹುಳಿ ತಾಗಿ ಹೋದರೆ ಮನೆಯಲ್ಲೇ ಮತ್ತೆ ಹಾಕಬಹುದು. ಅಂಗಡಿ ಕೋಟಿಂಗ್‌ಗೆ ಆ ಭಾಗ್ಯವಿಲ್ಲ.

ಮನೆಯಲ್ಲಿ ನಾನ್‌ಸ್ಟಿಕ್ ಇದ್ದರೆ ಇಷ್ಟು ನೆನಪಿಡಿ:

• ಖಾಲಿ ಕಾಯಿಸಬೇಡಿ, ಮಧ್ಯಮ ಉರಿ ಸಾಕು.
• ಕಟ್ಟಿಗೆಯ ಚಮಚ ಬಳಸಿ, ತಂತಿ ಬ್ರಷ್ ಬೇಡ.
• ಪದರ ಕಿತ್ತಿದ್ದರೆ ಬಿಸಾಡಿ. 2024ರ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಮಾರ್ಗಸೂಚಿಯ ಸಲಹೆಯೂ ಇದೇ.

ನಿಮ್ಮನೆಯಲ್ಲಿ ಹಂಚು ಹೇಗೆ ಪಳಗಿಸ್ತಾರೆ? ಅವ್ವನನ್ನೋ ಅತ್ತಿಯನ್ನೋ ಕೇಳಿ, ಓದುಗರ ಅಂಕಣಕ್ಕೆ ಬರೆದು ಕಳಿಸಿ.