ತಿಪ್ಪಣ್ಣ, ಸಾಕವ್ವ ಮತ್ತು ತೊಟ್ಟಿಲ ಲೆಕ್ಕ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ಹಳೆಯ ತಲೆಮಾರಿನವರ ಹೆಸರುಗಳನ್ನು ಗಮನಿಸಿದರೆ ತಿಪ್ಪಣ್ಣ, ತಿಪ್ಪವ್ವ, ಗುಂಡಪ್ಪ, ಅಡಿವೆಪ್ಪ ಎಂಬವು ಸಿಗುತ್ತವೆ. ಮೊದಲು ಹುಟ್ಟಿದ ಮಕ್ಕಳು ಉಳಿಯದೆ ಹೋದಾಗ, ಅನಂತರದ ಕೂಸನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ಬರುವ ರೂಢಿ ಇತ್ತು. ಯಾರಿಗೂ ಬೇಡದ ಕೂಸಿನ ಮೇಲೆ ಮೃತ್ಯುವಿನ ಕಣ್ಣು ಬೀಳದು ಎಂಬುದು ನಂಬಿಕೆ. ಅಂಥ ಕೂಸಿಗೆ ತಿಪ್ಪಣ್ಣ ಎಂದೋ ತಿಪ್ಪವ್ವ ಎಂದೋ ಹೆಸರಿಡುತ್ತಿದ್ದರು. ಹೆಣ್ಣಿನ ಮೇಲೆ ಹೆಣ್ಣೇ ಹುಟ್ಟಿದ ಮನೆಯಲ್ಲಿ ಕೊನೆಯವಳು ‘ಸಾಕವ್ವ’ ಆಗುತ್ತಿದ್ದುದೂ ಉಂಟು. ಈ ಹೆಸರಿನವರೆಲ್ಲರ ಹಿಂದೆಯೂ ಇದೇ ಕಥೆ ಇದೆಯೆಂದಲ್ಲ. ಅಜ್ಜ ಅಜ್ಜಿಯ ಹೆಸರನ್ನು, ದೇವರ ಹೆಸರನ್ನು ಇಟ್ಟುಕೊಂಡವರೂ ಇದ್ದಾರೆ. ಆದರೂ ಹಿಂದಿನವರು ಎಷ್ಟು ಮಕ್ಕಳನ್ನು ಹೆತ್ತರು, ಎಷ್ಟನ್ನು ಕಳೆದುಕೊಂಡರು ಎಂಬುದಕ್ಕೆ ಈ ಹೆಸರುಗಳೂ ಒಂದು ದಾಖಲೆ.

ಇಂಗ್ಲಿಷರ ಕಾಲದಲ್ಲಿ ಈ ಭಾಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಶಿಗ್ಗಾಂವಿ, ಹಿರೇಕೆರೂರು ಆಗ ಬಂಕಾಪುರ, ಕೋಡ ತಾಲೂಕುಗಳಿಗೆ ಸೇರಿದ್ದವು. ಸವಣೂರು ಮಾತ್ರ 1948ರವರೆಗೆ ನವಾಬರ ಸಂಸ್ಥಾನ. 1876–78ರ ದೊಡ್ಡ ಬರ, ಆ ಶತಮಾನದ ಕೊನೆಯ ಪ್ಲೇಗು, 1918ರ ಇನ್‌ಫ್ಲುಯೆಂಜಾ ಒಂದರ ಹಿಂದೆ ಒಂದರಂತೆ ಬಂದವು. ಬರಗಾಲದಲ್ಲಿ ಮೊದಲು ಸಾಯುವವರು ಮಕ್ಕಳು ಮತ್ತು ಮುದುಕರು. ಹುಟ್ಟುವ ಮಕ್ಕಳೂ ಕಡಿಮೆಯಾಗುತ್ತಾರೆ. ಇನ್‌ಫ್ಲುಯೆಂಜಾ ಹಾಗಲ್ಲ, ಹರೆಯದ ತಾಯಂದಿರನ್ನೇ ಹೆಚ್ಚಾಗಿ ಒಯ್ದಿತು. ಹೀಗಾಗಿ 1911ರಲ್ಲಿ ಸುಮಾರು 25.2 ಕೋಟಿಯಿದ್ದ ದೇಶದ ಜನಸಂಖ್ಯೆ 1921ರ ಖಾನೇಸುಮಾರಿಯಲ್ಲಿ 25.1 ಕೋಟಿಗೆ ಇಳಿದಿತ್ತು. ಮತ್ತೆ ಅಂಥ ಇಳಿಕೆ ಆಗಲಿಲ್ಲ.

ಹಾಗಾದರೆ ಆಮೇಲೆ ಜನಸಂಖ್ಯೆ ಏರಿದ್ದು ಜನ ಹೆಚ್ಚು ಮಕ್ಕಳನ್ನು ಹೆರತೊಡಗಿದ್ದರಿಂದಲೇ? ಅಲ್ಲ. ಹುಟ್ಟುವುದು ಮುಖ್ಯವಾಗಿ ಮೊದಲಿನಂತೆಯೇ ಇದ್ದು, ಸಾಯುವುದು ಕಡಿಮೆಯಾಯಿತು. ಸಿಡುಬು, ಪ್ಲೇಗು, ಮಲೇರಿಯ ಹತೋಟಿಗೆ ಬಂದವು; ಲಸಿಕೆ ಬಂತು, ಸೂಲಗಿತ್ತಿಯ ಜಾಗಕ್ಕೆ ಕ್ರಮೇಣ ಆಸ್ಪತ್ರೆ ಬಂತು. 1971ರಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28, ಕರ್ನಾಟಕದಲ್ಲಿ 19. ಹುಟ್ಟಿದ್ದು ಬದುಕುತ್ತದೆ ಎಂಬ ಭರವಸೆ ಮೂಡಿದ ಮೇಲೆಯೇ ‘ನಾವಿಬ್ಬರು, ನಮಗಿಬ್ಬರು’ ಎಂಬ ಮಾತು ಮನಸ್ಸಿಗೆ ಇಳಿಯಿತು. ಕೆಂಪು ತ್ರಿಕೋನದ ಪ್ರಚಾರಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಈ ಭರವಸೆ ಮತ್ತು ಹೆಣ್ಣುಮಕ್ಕಳ ಓದು ಎನ್ನಬಹುದು.

ಕರ್ನಾಟಕದಲ್ಲಿ ಒಬ್ಬ ಮಹಿಳೆ ಹೆರುವ ಮಕ್ಕಳ ಸರಾಸರಿ 1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸುಮಾರು 2.9 ಇತ್ತು. 1998–99ಕ್ಕೆ ಅದು 2.1ಕ್ಕೂ, 2019–20ಕ್ಕೆ 1.7ಕ್ಕೂ ಇಳಿಯಿತು. ತಂದೆ ತಾಯಿಯ ಜಾಗ ತುಂಬಲು 2.1 ಬೇಕೆಂದು ಲೆಕ್ಕ. ಆದರೂ ಮಕ್ಕಳ ಸಂಖ್ಯೆ ತಟ್ಟನೆ ಕುಸಿಯಲಿಲ್ಲ. ರಾಜ್ಯದಲ್ಲಿ ಆರು ವರ್ಷದೊಳಗಿನವರು 2001ರಲ್ಲಿ ಸುಮಾರು 71.8 ಲಕ್ಷ, 2011ರಲ್ಲಿ ಸುಮಾರು 71.6 ಲಕ್ಷ. ಒಬ್ಬೊಬ್ಬ ತಾಯಿಗೆ ಮಕ್ಕಳು ಕಡಿಮೆಯಾದರೂ, ಹಿಂದಿನ ದಶಕಗಳಲ್ಲಿ ಹುಟ್ಟಿ ಬದುಕುಳಿದ ಹೆಣ್ಣುಮಕ್ಕಳು ಬೆಳೆದು ತಾಯಂದಿರ ಸಂಖ್ಯೆಯೇ ಹೆಚ್ಚಿತ್ತು. ಆ ಹತ್ತು ವರ್ಷಗಳಲ್ಲಿ ರಾಜ್ಯದ ಜನಸಂಖ್ಯೆ 82 ಲಕ್ಷ ಹೆಚ್ಚಿದ್ದರಿಂದ ಮಕ್ಕಳ ಪಾಲು ಮಾತ್ರ ನೂರಕ್ಕೆ 13.6ರಿಂದ 11.7ಕ್ಕೆ ಇಳಿಯಿತು.

ಈ ಒಳ್ಳೆಯ ಸುದ್ದಿಯಲ್ಲಿ ಒಂದು ಕಹಿ ಇದೆ. ಸಂಸಾರ ಚಿಕ್ಕದಾಯಿತು, ಗಂಡುಮಗ ಬೇಕೆಂಬ ಆಸೆ ಚಿಕ್ಕದಾಗಲಿಲ್ಲ. ರಾಜ್ಯದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು. 2001ರಲ್ಲಿ 946, 2011ರಲ್ಲಿ 948. ಭ್ರೂಣದ ಲಿಂಗ ತಿಳಿಸುವುದನ್ನು ನಿಷೇಧಿಸುವ ಕಾನೂನು 1994ರಲ್ಲೇ ಬಂದಿದೆ. ಹಿಂದಿನ ಸಾಕವ್ವ ಬೇಡವಾಗಿದ್ದರೂ ಹುಟ್ಟಿದ್ದಳು, ಮಕ್ಕಳು ಮೊಮ್ಮಕ್ಕಳನ್ನು ಕಂಡಳು. ಇಂದಿನ ಸಾಕವ್ವನಿಗೆ ಹೆಸರೂ ಸಿಗುವುದಿಲ್ಲ.

1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಗೆ ಈ ನಾಲ್ಕೂ ತಾಲೂಕುಗಳು ಸೇರಿವೆ. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ನೂರಕ್ಕೆ 15.6ರಷ್ಟು ಬೆಳೆದರೆ ಹಾವೇರಿಯದು ಸುಮಾರು 11ರಷ್ಟು ಮಾತ್ರ. ಇಂಥ ಕಡೆ ಮಕ್ಕಳ ಲೆಕ್ಕದ ಬಿಸಿ ಮೊದಲು ತಟ್ಟುವುದು ಹಳ್ಳಿಯ ಕನ್ನಡ ಶಾಲೆಗೆ. ಒಂದನೆಯ ಇಯತ್ತೆಗೆ ಬರುವವರು ಕಡಿಮೆಯಾಗಲು ಜನನ ಇಳಿದದ್ದೊಂದೇ ಕಾರಣವಲ್ಲ; ದುಡಿಯಲು ಊರು ಬಿಟ್ಟು ಹೋಗುವುದು, ಖಾಸಗಿ ಶಾಲೆಯ ವ್ಯಾನು ಊರೊಳಗೆ ಬರುವುದು ಕೂಡ ಸೇರುತ್ತವೆ. ಮೂರನ್ನೂ ಒಂದೇ ಎಂದು ತಿಳಿದು ಶಾಲೆಯನ್ನೇ ಪಕ್ಕದ ಊರಿಗೆ ಸೇರಿಸಿದರೆ, ದೂರದ ನೆಪದಲ್ಲಿ ಮೊದಲು ಮನೆಯಲ್ಲಿ ಉಳಿಯುವವಳು ಹೆಣ್ಣುಮಗಳು.

2021ರಲ್ಲಿ ಆಗಬೇಕಿದ್ದ ಜನಗಣತಿ ಕೋವಿಡ್‌ನಿಂದ ಮುಂದೆ ಹೋಯಿತು. 2027ರ ಮಾರ್ಚ್ 1ರ ಲೆಕ್ಕಕ್ಕೆ 2025ರಲ್ಲಿ ಅಧಿಸೂಚನೆ ಹೊರಟಿದೆ. ಆ ಅಂಕಿ ಬಂದಾಗ ಒಟ್ಟು ಜನ ಎಷ್ಟು ಎಂಬುದರ ಜೊತೆಗೆ ಆರು ವರ್ಷದೊಳಗಿನವರ ಸಾಲನ್ನೂ, ಅದರಲ್ಲಿ ಹೆಣ್ಣುಮಕ್ಕಳ ಸಾಲನ್ನೂ ನೋಡಬೇಕು. ಮಕ್ಕಳು ಕಡಿಮೆಯಾದಷ್ಟೂ ಒಬ್ಬೊಬ್ಬರಿಗೆ ಹೆಚ್ಚು ಹಾಲು, ಹೆಚ್ಚು ಪುಸ್ತಕ, ಹೆಚ್ಚು ಗುರುಗಳು ಸಿಗಲು ಸಾಧ್ಯ. ಅಂಗನವಾಡಿಯ, ಶಾಲೆಯ ಹಣವನ್ನು ಅದೇ ಪ್ರಮಾಣದಲ್ಲಿ ಕಡಿದರೆ ಆ ಲಾಭ ಅವರ ಕೈಗೆ ಬಾರದು.