ಮರೆವಿನ ಕಾಯಿಲೆ ಮತ್ತು ಒಬ್ಬ ವಿಜ್ಞಾನಿಯ ಸಂಶೋಧನೆ



ಉಂಡು ಕೈ ತೊಳೆದ ಕೂಡಲೇ "ಊಟ ಕೊಟ್ಟಿಲ್ಲ" ಎನ್ನುವ, ವರ್ಷವೂ ಚುಂಚನಕಟ್ಟೆ ಜಾತ್ರೆಗೆ ಹೋಗಿಬಂದ ದಾರಿಯನ್ನೇ ಮರೆಯುವ ಹಿರಿಯರನ್ನು ಕಂಡು 'ಅರಳುಮರಳು' ಎಂದು ಸುಮ್ಮನಾಗುತ್ತೇವೆ. ಅದು ಆಲ್ಜೈಮರ್ ಕಾಯಿಲೆ ಇರಬಹುದು. ಇದರಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನು ಮಿದುಳಿನಲ್ಲಿ ಶೇಖರವಾಗುತ್ತದೆ, ನರಕೋಶಗಳು ಕ್ರಮೇಣ ನಾಶವಾಗುತ್ತವೆ.

ಡಾ. ವಿಜಯಲಕ್ಷ್ಮಿ ರವೀಂದ್ರನಾಥ್ ಇಂಥ ಕಾಯಿಲೆಗಳ ಸಂಶೋಧಕರು. 1981ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಪಿಎಚ್.ಡಿ. ಪಡೆದು, ಮುಂದೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದರು. 2010ರಲ್ಲಿ ಪದ್ಮಶ್ರೀ ಪಡೆದರು.

ಆಲ್ಜೈಮರ್ ಲಕ್ಷಣಗಳು ಬರುವಂತೆ ಬೆಳೆಸಿದ ಇಲಿಗಳಿಗೆ ಅವರ ತಂಡ 30 ದಿನ ಅಶ್ವಗಂಧದ ಬೇರಿನ ಸಾರ ಕೊಟ್ಟಿತು. ಇಲಿಗಳ ನೆನಪಿನ ಶಕ್ತಿ ಸುಧಾರಿಸಿತು. ವಿಶೇಷವೆಂದರೆ, ಇಲ್ಲಿ ನೆರವಾದದ್ದು ಲಿವರ್. ರಕ್ತದಲ್ಲಿನ ಅಮೈಲಾಯ್ಡನ್ನು ಹಿಡಿದು ತೆಗೆಯುವ ಪ್ರೋಟೀನು ಅಲ್ಲಿ ಹೆಚ್ಚಾಗಿ, ಮಿದುಳಿನಲ್ಲಿದ್ದ ಅಮೈಲಾಯ್ಡ್ ಕೂಡ ಕಡಿಮೆಯಾಯಿತು. ಇದು 2012ರಲ್ಲಿ ಪ್ರಕಟವಾಯಿತು.

ಆದರೆ ಇಲಿಗೆ ಗುಣ ಕೊಟ್ಟದ್ದು ಮನುಷ್ಯರಿಗೂ ಕೊಡುತ್ತದೆಂಬ ಖಾತ್ರಿಯಿಲ್ಲ. ವೈದ್ಯರನ್ನು ಕೇಳದೆ ಅಶ್ವಗಂಧದ ಪುಡಿ ಕೊಡಬೇಡಿ. ಥೈರಾಯ್ಡ್, ಲಿವರ್ ತೊಂದರೆ ಇದ್ದವರಿಗೆ ಹಾನಿಯಾಗಬಹುದು.

ಮುಂದೆ ಅವರು ಹಳ್ಳಿಗಳತ್ತ ಗಮನ ಹರಿಸಿದರು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ದಾಟಿದವರನ್ನು ಮತ್ತೆ ಮತ್ತೆ ಪರೀಕ್ಷಿಸಿ, ಮರೆವು ಯಾರಿಗೆ, ಏಕೆ ಬರುತ್ತದೆಂದು ತಿಳಿಯುವ ದೀರ್ಘಕಾಲದ ಅಧ್ಯಯನವನ್ನು ಆರಂಭಿಸಿದರು.

ನೀವು ಮಾಡಬೇಕಾದದ್ದು: ಬಿ.ಪಿ., ಸಕ್ಕರೆ ಕಾಯಿಲೆಗಳನ್ನು ಹತೋಟಿಯಲ್ಲಿಡಿ. ಮರೆವು ಹೆಚ್ಚುತ್ತಿದ್ದರೆ ಹಿರಿಯರನ್ನು ಗದರಬೇಡಿ, ವೈದ್ಯರಿಗೆ ತೋರಿಸಿ. ಥೈರಾಯ್ಡ್ ತೊಂದರೆ ಅಥವಾ ಬಿ12 ಕೊರತೆಯಿಂದ ಬಂದ ಮರೆವು ಚಿಕಿತ್ಸೆಯಿಂದ ಸುಧಾರಿಸಬಹುದು.