ತಮಿಳರ ಸಾಂಬಾರು: ಬೇಳೆ ತಳದಲ್ಲೇ ಉಳಿಯದಿರಲಿ



ತೊಗರಿ ನಮ್ಮ ನಾಡಿನ ಬೆಳೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಪಕ್ಕದ ತಮಿಳುನಾಡಿಗೆ ಸ್ವಂತ ತೊಗರಿ ಸಾಲದು. ಕರ್ನಾಟಕ, ಮಹಾರಾಷ್ಟ್ರಗಳಿಂದಲೂ ಹೊರದೇಶಗಳಿಂದಲೂ ತರಿಸಿಕೊಳ್ಳುತ್ತದೆ. ನೀವು ಬೆಳೆದ ಕಾಳು ಅಲ್ಲಿ ಸಾಂಬಾರಾಗುವ ಬಗೆಯನ್ನು ತಿಳಿದರೆ, ನಮ್ಮ ಮನೆಯ ಹುಳಿಗೂ ಅದರಿಂದ ಪ್ರಯೋಜನವುಂಟು.

ತಮಿಳರು ಬೇಳೆಗೆ ‘ಪರುಪ್ಪು’ ಎನ್ನುತ್ತಾರೆ. ಅನ್ನಕ್ಕೆ ಕಲಸುವ ಹುಳಿ ಸಾರಿಗೆ ‘ಕುಳಂಬು’ ಎಂದು ಹೆಸರು. ಸಾಂಬಾರು ಈ ಕುಳಂಬಿನ ಒಂದು ಬಗೆ. ತಂಜಾವೂರನ್ನು 1855ರವರೆಗೆ ಆಳಿದ ಮರಾಠರ ಅರಮನೆಯಲ್ಲಿ ಇದು ಹುಟ್ಟಿತೆಂದೂ, ಸಂಭಾಜಿಯಿಂದ ಹೆಸರು ಬಂತೆಂದೂ ಒಂದು ಕಥೆಯಿದೆ. ಕಥೆ ಸೊಗಸಾಗಿದೆ, ಗಟ್ಟಿಯಾದ ಆಧಾರ ಮಾತ್ರ ಇಲ್ಲ. ಅದಕ್ಕಿಂತ ಮೆಣಸಿನಕಾಯಿಯ ಹೆಸರು ಹೆಚ್ಚು ಹೇಳುತ್ತದೆ. ಪೋರ್ಚುಗೀಸರ ಮೂಲಕ ಅಮೆರಿಕ ಖಂಡದಿಂದ ಮೆಣಸಿನಕಾಯಿ ಬರುವ ಮುನ್ನ ಖಾರಕ್ಕೆ ಇದ್ದದ್ದು ಕರಿಮೆಣಸು. ತಮಿಳರು ‘ಮಿಳಗು’ ಎಂಬುದರಿಂದ ‘ಮಿಳಗಾಯ್’ ಮಾಡಿಕೊಂಡರು. ನಾವು ಮೆಣಸಿನಿಂದ ಮೆಣಸಿನಕಾಯಿ ಮಾಡಿಕೊಂಡೆವು.

ತಮಿಳರ ಹಬ್ಬದೂಟದಲ್ಲಿ ಎಲೆಯ ಅನ್ನಕ್ಕೆ ಮೊದಲು ಬೆಂದ ಬೇಳೆ ಮತ್ತು ತುಪ್ಪ ಬೀಳುತ್ತವೆ, ನಮ್ಮಲ್ಲಿ ತೊವ್ವೆ ಬಡಿಸುವಂತೆ. ಆಮೇಲೆ ಸಾಂಬಾರು, ಬಳಿಕ ರಸಂ, ಕೊನೆಗೆ ಮಜ್ಜಿಗೆ. ಹಸಿವು ಹೆಚ್ಚಿರುವಾಗಲೇ ಬೇಳೆ ಹೊಟ್ಟೆ ಸೇರುವುದು ಒಳ್ಳೆಯ ಪದ್ಧತಿ. ಅಕ್ಕಿಯಲ್ಲಿ ಕೊರತೆಯಾದ ಸಸಾರಜನಕದ ಅಂಶವನ್ನು ಬೇಳೆ ತುಂಬುತ್ತದೆ, ಬೇಳೆಯಲ್ಲಿ ಕಡಿಮೆಯಾದದ್ದನ್ನು ಅಕ್ಕಿ ತುಂಬುತ್ತದೆ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆಕಾಳು ಇರಲೆಂದು ಆಹಾರ ತಜ್ಞರು ಹೇಳುತ್ತಾರೆ.

ಇನ್ನು ಮಾಡುವ ಕ್ರಮ. ಆರು ಮಂದಿಗೆ 200 ಗ್ರಾಂ ತೊಗರಿಬೇಳೆ ತೆಗೆದುಕೊಳ್ಳಿ. ತೊಳೆದು ಅರ್ಧ ಗಂಟೆ ನೆನೆಹಾಕಿ, ಚಿಟಿಕೆ ಅರಿಸಿನ, ನಾಲ್ಕು ಹನಿ ಎಣ್ಣೆ ಹಾಕಿ ಬೇಯಿಸಿ. ಬೆರಳಲ್ಲಿ ಒತ್ತಿದರೆ ನುಣ್ಣಗಾಗುವವರೆಗೆ ಬೇಯಬೇಕು. ಬೇರೆ ಪಾತ್ರೆಯಲ್ಲಿ ನಿಂಬೆಹಣ್ಣಿನ ಗಾತ್ರದ ಹುಣಿಸೆಹಣ್ಣನ್ನು ಕಿವುಚಿ ರಸ ತೆಗೆಯಿರಿ. ಸ್ವಲ್ಪ ಎಣ್ಣೆಯಲ್ಲಿ ಹತ್ತು ಹದಿನೈದು ಸಾಂಬಾರ್ ಈರುಳ್ಳಿ ಬಾಡಿಸಿ, ನುಗ್ಗೆಕಾಯಿ ಅಥವಾ ಬದನೆಕಾಯಿ ಸೇರಿಸಿ. ಹುಣಿಸೆ ರಸ, ಉಪ್ಪು, ಎರಡು ಮೂರು ಚಮಚ ಸಾಂಬಾರು ಪುಡಿ ಹಾಕಿ, ಹುಳಿಯ ಹಸಿ ವಾಸನೆ ಹೋಗುವವರೆಗೆ ಕುದಿಸಿ. ಬೇಳೆಯನ್ನು ಕಡೆದು ಇದಕ್ಕೆ ಸುರಿಯುವುದು ಆಮೇಲೆ. ಒಂದೆರಡು ಕುದಿ ಬಂದರೆ ಸಾಕು. ಸಾಸಿವೆ, ಮೆಂತ್ಯ, ಒಣಮೆಣಸಿನಕಾಯಿ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು ಇಳಿಸಿ.

ಪುಡಿಗೆ ಕೊತ್ತಂಬರಿ ಬೀಜವೇ ಮುಖ್ಯ. ಅದರೊಡನೆ ಒಣಮೆಣಸಿನಕಾಯಿ, ಸ್ವಲ್ಪ ತೊಗರಿಬೇಳೆ, ಕಡಲೆಬೇಳೆ, ಇನ್ನೂ ಸ್ವಲ್ಪ ಮೆಂತ್ಯ, ಕರಿಮೆಣಸು, ಅರಿಸಿನ. ವಿಶೇಷ ದಿನಗಳಲ್ಲಿ ತಮಿಳು ಮನೆಗಳಲ್ಲಿ ಸಾಮಾನನ್ನು ಆಗಲೇ ಹುರಿದು ತೆಂಗಿನಕಾಯಿಯೊಡನೆ ರುಬ್ಬಿ ಹಾಕುವುದುಂಟು. ಅದಕ್ಕೆ ‘ಅರೈತ್ತು ವಿಟ್ಟ ಸಾಂಬಾರ್’ ಎನ್ನುತ್ತಾರೆ. ನಮ್ಮ ಹುಳಿಗೆ ಇದು ಹತ್ತಿರದ ನಂಟು.

ಬೇಳೆಯನ್ನೂ ಹುಣಿಸೆಯನ್ನೂ ಮೊದಲೇ ಏಕೆ ಕೂಡಿಸಬಾರದು? ಕಾಳಿನ ಕಣಗಳನ್ನು ಹಿಡಿದಿರುವ ಅಂಟು ಕರಗಿದರೆ ಮಾತ್ರ ಬೇಳೆ ಮೆತ್ತಗಾಗುತ್ತದೆ. ಹುಳಿ ಆ ಅಂಟನ್ನು ಕರಗಗೊಡುವುದಿಲ್ಲ. ಸುಣ್ಣದ ಅಂಶ ಹೆಚ್ಚಿರುವ ಗಡಸು ನೀರೂ ಹಾಗೆಯೇ. ಕೊಳವೆಬಾವಿಯ ನೀರಿನಲ್ಲಿ ಬೇಳೆ ಎಷ್ಟು ಹೊತ್ತಾದರೂ ಕಲ್ಲಿನಂತೆ ಉಳಿದರೆ ಬೇಳೆ ಕೆಟ್ಟದ್ದೆಂದು ಅಂಗಡಿಯವನನ್ನು ಬಯ್ಯಬೇಡಿ. ಒಮ್ಮೆ ಶುದ್ಧವಾಗಿ ಹಿಡಿದಿಟ್ಟ ಮಳೆನೀರಿನಲ್ಲಿ ಬೇಯಿಸಿ ನೋಡಿ. ಅಡುಗೆ ಸೋಡಾ ಹಾಕಿದರೆ ಬೇಗ ಬೇಯುವುದು ನಿಜ, ಆದರೆ ಬಿ-1 ಜೀವಸತ್ವ ನಾಶವಾಗುತ್ತದೆ. ನೆನೆಹಾಕುವುದೇ ಲೇಸು.

ಎಷ್ಟು ಚೆನ್ನಾಗಿ ಬೇಯಿಸಿದರೂ ಬಡಿಸುವಾಗ ಒಂದು ನಷ್ಟವಾಗುತ್ತದೆ. 200 ಗ್ರಾಂ ಬೇಳೆಯಲ್ಲಿ ಸುಮಾರು 44 ಗ್ರಾಂ ಸಸಾರಜನಕವಿದೆ. ಸಮನಾಗಿ ಹಂಚಿದರೆ ತಲೆಗೆ 7 ಗ್ರಾಂ ದಾಟುತ್ತದೆ. ಆದರೆ ಬೇಳೆ ಭಾರ, ತಳಕ್ಕಿಳಿಯುತ್ತದೆ. ಹೊಲದಿಂದ ಬಂದ ಗಂಡಸರಿಗೆ ಸೌಟು ತಳಕ್ಕೆ ಹೋಗುತ್ತದೆ. ಮಕ್ಕಳಿಗೆ ಖಾರವಾದೀತೆಂದು ಮೇಲಿನ ತಿಳಿ. ಅಷ್ಟರಲ್ಲಿ ನೆಂಟರು ಬಂದರೆ ಒಂದು ಚೊಂಬು ನೀರು ಸೇರುತ್ತದೆ, ಬೇಳೆ ಸೇರುವುದಿಲ್ಲ. ಕೊನೆಗೆ ಉಣ್ಣುವ ಮನೆಯಾಕೆಗೆ ಉಳಿದದ್ದು ಹುಳಿನೀರು. ಆಕೆ ಬಸುರಿಯೋ ಬಾಣಂತಿಯೋ ಆಗಿದ್ದರೆ, ಮನೆಯಲ್ಲಿ ಎಲ್ಲರಿಗಿಂತ ಬೇಳೆ ಬೇಕಾದವಳು ಅವಳೇ.

ಆದ್ದರಿಂದ ಖಾರ ಹಾಕುವ ಮೊದಲೇ ಮಕ್ಕಳ ಪಾಲಿನ ಬೆಂದ ಬೇಳೆಯನ್ನು ಒಂದು ಬಟ್ಟಲಿಗೆ ತೆಗೆದಿಟ್ಟು, ಅನ್ನ ತುಪ್ಪದೊಡನೆ ಕಲಸಿ ಕೊಡಿ. ಪ್ರತಿ ಸಲ ಬಡಿಸುವಾಗಲೂ ತಳದಿಂದ ಕಲಕಿ. ಮನೆಯಾಕೆಯ ಪಾಲನ್ನು ಮೊದಲ ಸೌಟಿನಲ್ಲೇ ಬೇರೆ ಪಾತ್ರೆಗೆ ತೆಗೆದು ಮುಚ್ಚಿಡಿ. ಆಕೆ ತಾನಾಗಿ ಹಾಗೆ ಮಾಡಿಕೊಳ್ಳುವುದು ಕಷ್ಟ. ಯಜಮಾನರಾದ ನೀವು ಹೇಳಬೇಕು.